ಜೆಮೇಲಿ ತಿನ್ನದ ಉಗಾಲಿ

ಹೆರಿಗೆಯಾಗಿ ಐದು ತಿಂಗಳಿಗೆ ಜೆಮೇಲಿ ಮತ್ತೆ ಇಟೆನ್‌ನ ಕೆಮ್ಮಣ್ಣಿನ ಹಾದಿಗೆ ಇಳಿದಳು. ಇಡೀ ಕೀನ್ಯಾದಿಂದ ಓಟಗಾರರು ಬಂದು ಸೇರುವ ಊರು ಅದು. ಅಲ್ಲಿ ಒಂದು ಕಾಲದಲ್ಲಿ ಗುಂಪಿನ ಮುಂದೆ ಓಡಿದವಳು ಈಗ ಏರು ಬಂತೆಂದರೆ ಹಿಂದೆ ಬೀಳುತ್ತಿದ್ದಳು.

"ಏನಮ್ಮಾ, ಮಗೂನ ಇನ್ನೂ ಹೊಟ್ಟೇಲೇ ಇಟ್ಕೊಂಡು ಓಡ್ತಿದ್ದೀಯಾ?" ಜೊತೆಯವಳು ಚೆಸಾಂಗ್ ಕೂಗಿದಳು.

ಎಲ್ಲರೂ ನಕ್ಕರು, ಜೆಮೇಲಿಯೂ ನಕ್ಕಳು. ಆದರೆ ಅಂದಿನಿಂದ ಊಟ ಅರ್ಧಕ್ಕಿಳಿಯಿತು.

ಅತ್ತೆ ಸಲೀನಾ ಬಿಡುವವಳಲ್ಲ. ಸೊಸೆ ಓಡಿ ಬರುವ ಹೊತ್ತಿಗೆ ಮೆಕ್ಕೆಜೋಳದ ಹಿಟ್ಟಿನ ಬಿಸಿ ಉಗಾಲಿ, ಸೊಪ್ಪು, ಹುಳಿಹಾಲು ಸಿದ್ಧವಿರುತ್ತಿದ್ದವು. "ಇಬ್ಬರಿಗಾಗುವಷ್ಟು ಹಾಕಿದ್ದೀನಿ. ಮಾತಾಡ್ದೆ ತಿನ್ನು." ಅತ್ತೆ ಹಸುವಿನ ಕಡೆ ಹೋದದ್ದೇ ತಡ, ಜೆಮೇಲಿ ಅರ್ಧ ಉಗಾಲಿಯನ್ನು ಬೇಲಿಯಾಚೆಯ ನಾಯಿಗೆ ಹಾಕಿಬಿಡುತ್ತಿದ್ದಳು. ಮೈ ಹಗುರವಾಯಿತು, ಎದೆಹಾಲೂ ಕಡಿಮೆಯಾಯಿತು. ಮಗು ಚೆರೋಪ್ ಅತ್ತರೆ, "ಹಲ್ಲು ಬರ್ತಿರಬೇಕು" ಎಂದು ತನಗೇ ಹೇಳಿಕೊಂಡಳು.

ಆಸ್ಪತ್ರೆಯಲ್ಲಿ ಮಗುವಿನ ತೂಕ ನೋಡುವ ದಿನ ನರ್ಸ್ ಹುಬ್ಬು ಗಂಟಿಕ್ಕಿದಳು. "ಹೋದ ತಿಂಗಳಿಗಿಂತ ಇಳಿದಿದೆ. ನೀನು ಏನು ತಿಂತೀಯ?"

"ಎಲ್ಲಾ ತಿಂತೀನಿ."

ನರ್ಸ್ ಜೊತೆಗೆ ಬಂದಿದ್ದ ಸಲೀನಾಳ ಕಡೆ ತಿರುಗಿದಳು. "ಏನಜ್ಜಿ, ಬಾಣಂತಿಗೆ ಹೊಟ್ಟೆ ತುಂಬ ಹಾಕಲ್ವಾ? ಎಲ್ಲಾ ನಿನ್ನ ಮಗನ ತಟ್ಟೆಗೇ ಹೋಗುತ್ತಾ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. "ಕೈಲಾದಷ್ಟು ಹಾಕ್ತೀನಮ್ಮಾ," ಎಂದಳು ಸಲೀನಾ, ದನಿ ಸಣ್ಣದಾಗಿತ್ತು. "ಸಾಲ್ತಿಲ್ವೇನೋ."

ಜೆಮೇಲಿ ಮಗುವಿನ ಟೋಪಿ ಸರಿಮಾಡುತ್ತ ನಿಂತಳು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ.

ಮನೆ ಸೇರಿದ್ದೇ ಸಲೀನಾ ಮೊಟ್ಟೆಯಿಡುವ ಕೋಳಿಯನ್ನೇ ಹಿಡಿದು ಕುಯ್ಯಲು ಹೊರಟಳು. "ನಾಳೆಯಿಂದ ನಿನಗೆ ಸಾರು."

ಜೆಮೇಲಿ ಅವಳ ಮಣಿಕಟ್ಟು ಹಿಡಿದಳು. "ಬೇಡಮ್ಮಾ. ನೀವು ಹಾಕಿದ್ದನ್ನ ನಾನು ನಾಯಿಗೆ ಹಾಕ್ತಿದ್ದೆ."

ಕೋಳಿ ಕೈತಪ್ಪಿ ಓಡಿತು. "ಅದಕ್ಕೇ ಆ ನಾಯಿ ಹಂಗೆ ಊದ್ಕೊಂಡಿದೆ," ಎಂದಳು ಸಲೀನಾ. "ಗಬ್ಬ ಆಗಿದೆ ಅನ್ಕೊಂಡಿದ್ದೆ." ನಗು ಮಾತ್ರ ಬರಲಿಲ್ಲ. ಕೈಗಂಟಿದ ಪುಕ್ಕ ಕೊಡವಿ ಹೇಳಿದಳು: "ನನಗೆ ಮನೆಯೊಳಗೆ ಹೇಳಿದೆ, ಸರಿ. ನಾನು ಬೈಸ್ಕೊಂಡಿದ್ದು ಊರವರ ಮುಂದೆ."

ಮರುದಿನ ಬೆಳಗ್ಗೆ ಓಟದ ಗುಂಪು ಬಾಗಿಲಲ್ಲಿ ಶಿಳ್ಳೆ ಹಾಕಿ ಮುಂದೆ ಹೋಯಿತು. ಜೆಮೇಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಸ್ಪತ್ರೆಗೆ ನಡೆದಳು. ಬೆಂಚುಗಳು ತುಂಬಿದ್ದವು. ನರ್ಸ್ ಕಿವಿಯಲ್ಲಿ ಹೇಳಿ ಬಂದುಬಿಡೋಣ ಎಂದುಕೊಂಡಿದ್ದಳು. ಆದರೆ ನಿನ್ನೆಯ ಮುಖಗಳಲ್ಲಿ ಕೆಲವು ಅಲ್ಲೇ ಕಂಡವು. ದನಿ ಎತ್ತಿಯೇ ಹೇಳಿದಳು.

"ಸಿಸ್ಟರ್, ನಿನ್ನೆ ನಮ್ಮತ್ತೆಗೆ ಬೈದ್ರಲ್ಲ, ಅದು ನನಗೆ ಬೈಬೇಕಿತ್ತು. ಅವರು ಹೊಟ್ಟೆ ತುಂಬ ಹಾಕ್ತಾರೆ. ಮೈ ಇಳೀಲಿ ಅಂತ ನಾನೇ ಎಸೀತಿದ್ದೆ."

ಯಾರೋ ಲೊಚಗುಟ್ಟಿದರು. ನರ್ಸ್ ಅವಳನ್ನು ಒಂದು ಗಳಿಗೆ ನೋಡಿ ಸ್ಟೂಲು ತೋರಿಸಿದಳು.

"ಕೂತ್ಕೋ. ಬೆಳಗ್ಗೆ ಏನು ತಿಂದೆ, ಅಲ್ಲಿಂದ ಶುರು ಮಾಡು. ಈ ಸಲ ನಿಜ ಹೇಳು."

ಜೆಮೇಲಿ ತಲೆಯೆತ್ತದೆ ಒಂದೊಂದಾಗಿ ಹೇಳತೊಡಗಿದಳು.