ಸಂಡಿಗೆಯ ಪಕ್ಕದಲ್ಲಿ ಇಳಿದ ಕಬ್ಬಿಣ

ಕಬ್ಬಿಣದ ನೆರವಿನಿಂದ ತುಮಕೂರಿನಲ್ಲಿ ಈಥರ್ ತಯಾರಿಸಿದವರು ಯಾರು ಎಂದರೆ ನಮ್ಮ ಹಳಬರೆಲ್ಲ ನನ್ನ ಗೆಳೆಯನ ಕಡೆಗೇ ಕೈ ತೋರಿಸುತ್ತಾರೆ. ತೋರಿಸಲಿ. ಅದರಲ್ಲಿ ಅರ್ಧ ಪಾಲು ನನ್ನದು, ಅದೂ ಕಿತಾಪತಿಯಿಂದ ಬಂದದ್ದು.

ಎಂಬತ್ತರ ದಶಕದ ಆರಂಭ. ನಾವಿಬ್ಬರೂ ಒಂದೇ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್‌ಗಳು. ನಾನು ಗುಬ್ಬಿಯಿಂದ ದಿನವೂ ರೈಲಿನಲ್ಲಿ ಬರುತ್ತಿದ್ದೆ. ಅವನು ಕುಣಿಗಲ್ ಕಡೆಯ ಕೊತ್ತಗೆರೆಯವನು, ಶೆಟ್ಟಿಹಳ್ಳಿಯಲ್ಲಿ ರೂಮು ಮಾಡಿಕೊಂಡಿದ್ದ. ನನಗೆ ಬುದ್ಧಿ ಬೇಕಾದಷ್ಟಿತ್ತು, ಓದುವ ಚಟವೊಂದೇ ಇರಲಿಲ್ಲ. ಅವನಿಗೆ ಆ ಚಟವೊಂದೇ ಇದ್ದದ್ದು. ಕ್ಲಾಸು ಮುಗಿದದ್ದೇ ಪಿಎಚ್.ಡಿ. ಕೆಲಸಕ್ಕೆ ಕೂರುತ್ತಿದ್ದ.

ಅವನ ಕೆಲಸ ಏನೆಂದರೆ, ಎರಡು ಬೆಂಜೀನ್ ಉಂಗುರಗಳನ್ನು ನಡುವೆ ಒಂದು ಆಕ್ಸಿಜನ್ ಇಟ್ಟು ಜೋಡಿಸುವುದು. ಅದೇ ಈಥರ್. ಆದರೆ ಉಂಗುರದ ಮೇಲೆ ಕೂತಿರುವ ಕ್ಲೋರಿನ್ ಮೊದಲು ಜಾಗ ಬಿಡಬೇಕಲ್ಲ? ಗುಬ್ಬಿ ರೈಲಿನಲ್ಲಿ ಟಿಕೆಟ್ಟಿಲ್ಲದೆ ಕಿಟಕಿ ಸೀಟು ಹಿಡಿದವನ ಹಾಗೆ ಅದು ಎಷ್ಟು ಕುದಿಸಿದರೂ ಅಲುಗುವುದಿಲ್ಲ. ಉಂಗುರಕ್ಕೆ ಕಬ್ಬಿಣ ತಗುಲಿಸಿದರೆ ಮಾತ್ರ ಟಿಕೆಟ್ ಕಲೆಕ್ಟರ್ ಬಂದು ಪಕ್ಕದಲ್ಲಿ ಕೂತ ಹಾಗೆ. ಕ್ಲೋರಿನ್ ತಾನಾಗಿ ಎದ್ದು ಹೋಗುತ್ತದೆ, ಆಕ್ಸಿಜನ್ ಹೊತ್ತ ಇನ್ನೊಂದು ಉಂಗುರ, ಅಂದರೆ ಫಿನಾಲ್, ಬಂದು ಆ ಜಾಗದಲ್ಲಿ ಕೂರುತ್ತದೆ.

ಇಷ್ಟನ್ನು ಅವನು ಚೆನ್ನಾಗಿಯೇ ಮಾಡಿದ್ದ. ಆದರೆ ಸೀಟು ಕೊಡಿಸಿದ ಕಲೆಕ್ಟರ್ ಕೆಳಗಿಳಿಯಲೊಲ್ಲ! ಕಾಯಿಸಿದರೆ ಈಥರ್ ಸಮೇತ ಕರಕಲಾಗುತ್ತಿತ್ತು. ಬೆಳಕಿಗೆ ಕಬ್ಬಿಣ ಬಿಟ್ಟುಕೊಳ್ಳುತ್ತದೆ, ಅದಕ್ಕೊಂದು ದೊಡ್ಡ ದೀಪ ಬೇಕು ಎಂದು ಅವನು ಓದಿದ ಲೇಖನದಲ್ಲಿತ್ತು. ಆ ದೀಪ ಇದ್ದದ್ದು ಬೆಂಗಳೂರಿನಲ್ಲಿ, ನಮ್ಮ ಸರದಿ ಬರುತ್ತಲೇ ಇರಲಿಲ್ಲ. ಅಷ್ಟರಲ್ಲಿ ಅವನ ಗೈಡು ಹೇಳಿಬಿಟ್ಟರು: ಸೋಮವಾರ ಬರುತ್ತೇನೆ, ಈಥರ್ ತೋರಿಸು, ಇಲ್ಲದಿದ್ದರೆ ಈ ವಿಷಯ ಬಿಟ್ಟು ಬೇರೆ ಹಿಡಿ. ಮೂರು ವರ್ಷದ ಕೆಲಸ.

ಅವನ ಬಳಿ ಉಳಿದಿದ್ದದ್ದು ಕಬ್ಬಿಣ ಇನ್ನೂ ಅಂಟಿಕೊಂಡಿದ್ದ ಈಥರಿನ ಒಂದು ಫ್ಲಾಸ್ಕ್ ಹಳದಿ ದ್ರಾವಣ. ಅದಕ್ಕೆ ಕಪ್ಪು ಕಾಗದ ಸುತ್ತಿ ಮೇಲೊಂದು ಚೀಟಿ ಅಂಟಿಸಿದ್ದ: ‘ಬೆಳಕಿಗೆ ಕೆಡುತ್ತೆ, ಮುಟ್ಟಬೇಡಿ.’ ಹಾಗೆ ಬರೆದದ್ದನ್ನು ನಾನು ಮುಟ್ಟದೆ ಬಿಟ್ಟ ದಿನವೇ ಇಲ್ಲ. ಶನಿವಾರ ಬೆಳಿಗ್ಗೆ ಅವನ ಮುಖ ನೋಡಲಾಗುತ್ತಿರಲಿಲ್ಲ, ಒಂದಿಷ್ಟು ನಗಿಸೋಣ ಎನ್ನಿಸಿತು. ಅವನು ಪ್ರಾಕ್ಟಿಕಲ್ ತೆಗೆದುಕೊಳ್ಳಲು ಹೋದಾಗ ಅಷ್ಟೇ ದೊಡ್ಡ ಇನ್ನೊಂದು ಫ್ಲಾಸ್ಕಿಗೆ ಅರಿಶಿನದ ನೀರು ತುಂಬಿ, ಕಪ್ಪು ಕಾಗದವನ್ನು ಅದಕ್ಕೆ ಸುತ್ತಿದೆ. ಅಸಲಿಯನ್ನು ಮಹಡಿಗೆ ಒಯ್ದು, ಲ್ಯಾಬು ಗುಡಿಸುವ ಅಕ್ಕ ಒಣಹಾಕಿದ್ದ ಸಂಡಿಗೆಯ ಪಕ್ಕದಲ್ಲಿ ಬಚ್ಚಿಟ್ಟೆ. ಬಿಸಿಲಿನ ಯೋಚನೆ ತಲೆಗೇ ಬರಲಿಲ್ಲ. ಬುದ್ಧಿವಂತರಿಗೆ ಹೀಗಾಗುವುದುಂಟು.

ಮೂರು ಗಂಟೆಯ ಪ್ರಾಕ್ಟಿಕಲ್ ಮುಗಿಸಿ ಅವನು ಬಂದು ಅರಿಶಿನದ ಫ್ಲಾಸ್ಕಿನ ಕಾರ್ಕ್ ತೆಗೆದ.

“ಏನೋ ಇದು, ಸಾರಿನ್ ವಾಸ್ನೆ ಬರ್ತಾ ಅದೆ?”

“ನಿನ್ ಕಬ್ಣುಕ್ಕೆ ಶೀತ ಆಗಿತ್ತು ಕಣೋ. ಅರಿಶ್ನ ಕುಡಿಸ್ದೆ.”

“ನಂದೆಲ್ಲೋ?”

“ಮಹಡಿ ಮ್ಯಾಲೆ ಸಂಡ್ಗೆ ಕಾಯ್ತಾ ಅದೆ.”

ಅವನು ನಗಲಿಲ್ಲ. ಮೆಟ್ಟಿಲು ಹಾರಿಕೊಂಡು ಓಡಿದ, ನಾನೂ ಹಿಂದೆ ಓಡಿದೆ. ಫ್ಲಾಸ್ಕಿನಲ್ಲಿ ಹಳದಿಯ ಸುಳಿವೇ ಇರಲಿಲ್ಲ, ತಳದಲ್ಲಿ ತುಕ್ಕಿನಂಥ ಕೆಸರು ಕೂತಿತ್ತು. ಅವನು ಗಬಕ್ಕನೆ ಎತ್ತಿಕೊಂಡದ್ದಕ್ಕೆ ಸ್ವಲ್ಪ ಸಂಡಿಗೆಯ ಬಟ್ಟೆಯ ಮೇಲೂ ಚೆಲ್ಲಿತು.

“ಬೆಳಕಿಗೆ ಕೆಡುತ್ತೆ ಅಂತ ಬರ್ದಿದ್ನಲ್ಲೋ,” ಎಂದಷ್ಟೇ ಹೇಳಿ ಅಲ್ಲೇ ಕುಸಿದು ಕೂತ. ಎರಡು ಬಿಗಿದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಸಂಡಿಗೆ ತಿರುವಿ ಹಾಕಲು ಅಕ್ಕ ಬಂದರು. ಬಟ್ಟೆ ಎತ್ತಿ ಮೂಸಿದರು.

“ಯಾರ್ ಸಾಮಿ ನನ್ ಸಂಡ್ಗೆ ಮ್ಯಾಲೆ ಸೋಪಿನ್ ನೀರ್ ಉಯ್ದಿರೋದು?”

“ಸೋಪಲ್ಲ ಕಣಕ್ಕ, ಇವನ್ ಮೂರು ವರ್ಷ,” ಎಂದೆ.

“ನಂಗೇನ್ ಮೂಗಿಲ್ವಾ? ಮದ್ವೆ ಮನೇಲಿ ಬೀಗ್ರಿಗೆ ಇಡ್ತಾರಲ್ಲ, ಅಂಥ ಸೋಪಿನ್ ವಾಸ್ನೆ.”

ಗೆಳೆಯ ತಟಕ್ಕನೆ ಎದ್ದು ಬಟ್ಟೆ ಕಿತ್ತುಕೊಂಡ. ಮೂಸಿದ, ಮತ್ತೆ ಮೂಸಿದ, ನನ್ನ ಮೂಗಿಗೂ ಒತ್ತಿದ.

“ಲೇ, ಕಬ್ಣ ಅಂಟ್ಕೊಂಡಿದ್ದಾಗ ಇದುಕ್ಕೆ ವಾಸ್ನೇನೇ ಇರ್ಲಿಲ್ಲ ಕಣ್ಲಾ! ಈ ಈಥರ್‌ನ ಸೋಪಿಗೇ ಹಾಕೋದು!”

“ಹಂಗಾದ್ರೆ ಕಲೆಕ್ಟರ್ ಇಳ್ದವ್ನೆ ಅನ್ನು.”

“ಕೆಡೋದೇ ಬೇಕಾಗಿತ್ತಲ್ಲೋ ನಮ್ಗೆ!” ಎಂದು ಹಣೆ ಹಣೆ ಚಚ್ಚಿಕೊಂಡು ನಗತೊಡಗಿದ.

ನೋಡಿ, ಲೇಖನದವರು ದೀಪ ಎಂದು ಬರೆದಿದ್ದರು, ನಾವು ದೀಪಕ್ಕೇ ಕಾಯುತ್ತಿದ್ದೆವು. ಮಹಡಿ ಮಹಡಿಯ ಮೇಲೂ ಸಂಡಿಗೆ ಒಣಗುವ ಊರಿನಲ್ಲಿ ಕೂತು ಫ್ಲಾಸ್ಕಿಗೆ ಕಪ್ಪು ಕಾಗದ ಸುತ್ತುತ್ತಿದ್ದೆವು.

ಉಳಿದದ್ದನ್ನು ಅವನು ಸೋಸಿ, ತೊಳೆದು, ಭಾನುವಾರವೆಲ್ಲ ಕೂತು ಶುದ್ಧ ಮಾಡಿದ. ಸೋಮವಾರ ಗೈಡು ಸಣ್ಣ ಸೀಸೆಯನ್ನು ಮೂಸಿ, ಪರೀಕ್ಷೆ ಮಾಡಿ ನೋಡಿ, “ದೀಪ ಎಲ್ಲಿ ಸಿಕ್ತಪ್ಪ?” ಎಂದರು. ಅವನು ಕಿಟಕಿಯಾಚೆ ಬೆರಳು ತೋರಿಸಿದ. ವಿಷಯ ಅವನ ಕೈಯಲ್ಲೇ ಉಳಿಯಿತು. ಕೆಟ್ಟ ಸಂಡಿಗೆಯನ್ನೆಲ್ಲ ಎಸೆದು, ಅಕ್ಕನ ಅಪ್ಪಣೆಯಂತೆ ನಾವಿಬ್ಬರೂ ಹೊಸದಾಗಿ ಇಟ್ಟುಕೊಟ್ಟೆವು. ನನ್ನವು ಎಷ್ಟು ದುಂಡಗಿದ್ದವು ಎಂದರೆ ಅಕ್ಕನೇ ಬೆರಗಾದರು.

ಅವನ ಥೀಸಿಸ್ಸಿನಲ್ಲಿ ‘ಮಹಡಿಯ ಮೇಲೆ ಮೂರು ಗಂಟೆ ನೇರ ಬಿಸಿಲು’ ಎಂದಿದೆ. ಒಯ್ದಿಟ್ಟವರು ಯಾರು ಎಂದಿಲ್ಲ. ಆದರೆ ನನಗೆ ಕೊಟ್ಟ ಪ್ರತಿಯ ಮೊದಲ ಹಾಳೆಗೆ ಆ ಹಳೆಯ ಚೀಟಿಯನ್ನೇ ಅಂಟಿಸಿದ್ದಾನೆ. ‘ಮುಟ್ಟಬೇಡಿ’ ಎನ್ನುವುದರ ಕೆಳಗೆ ಹೊಸದಾಗಿ ಬರೆದಿದ್ದಾನೆ: ‘ನಿನ್ನೊಬ್ಬನನ್ನು ಬಿಟ್ಟು.’