ನಾಲ್ಕು ಮಂಚ, ಒಂದು ಫ್ಯಾನು

ಅಪೆಂಡಿಕ್ಸ್ ಆಪರೇಷನ್ ಆಗಿ ಬಂಟ್ವಾಳದ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ಕೆಲವು ದಿನ ಇದ್ದೆ. ನಾನು ಮೂಡುಬಿದಿರೆಯಲ್ಲಿ ಅರ್ಥಶಾಸ್ತ್ರ ಕಲಿಸುವವಳು. ಹಲವರ ಬೇರೆ ಬೇರೆ ಇಷ್ಟಗಳನ್ನು ಕೂಡಿಸಿ ಎಲ್ಲರಿಗೂ ಸೇರಿದ ಒಂದು ತೀರ್ಮಾನಕ್ಕೆ ಬರುವುದು ಹೇಗೆ ಎಂಬುದು ನನ್ನ ಪಾಠಗಳಲ್ಲೊಂದು. ವಾರ್ಡಿನಲ್ಲಿ ಮಂಚ ನಾಲ್ಕು, ಫ್ಯಾನು ಒಂದೇ.

ಫ್ಯಾನಿನ ಅಡಿಯಲ್ಲೇ ವಾಮದಪದವಿನ ಅಜ್ಜಿ. ಗಾಳಿ ತಾಗಿದರೆ ಅವರಿಗೆ ಕೆಮ್ಮು. ಎದುರು ಮಂಚದಲ್ಲಿ ಕಾಲು ಮುರಿದುಕೊಂಡ ಬೆಳ್ತಂಗಡಿಯ ಟೀಚರ್. ಅವರಿಗೆ ಗಾಳಿ ಬೇಕೇ ಬೇಕು. ಬಾಗಿಲ ಬಳಿ ಫರಂಗಿಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ, ಬ್ಯಾರಿ ಸಮುದಾಯದ ಹೆಂಗಸು. ನಾನು ಗಾಳಿ ಹೆಚ್ಚು ತಾಗದ ಗೋಡೆ ಬದಿಯಲ್ಲಿ.

ಮೊದಲ ಮಧ್ಯಾಹ್ನವೆಲ್ಲ ಒಬ್ಬರು ಹೇಳಿದರೆಂದು ಫ್ಯಾನು ಹಾಕುವುದು, ಇನ್ನೊಬ್ಬರು ಹೇಳಿದರೆಂದು ಆರಿಸುವುದು ನಡೆಯಿತು. ಕೊನೆಗೆ ಟೀಚರ್, ಫ್ಯಾನು ಬೇಕೆನ್ನುವವರು ಕೈ ಎತ್ತಿ, ಹಾಗೆ ತೀರ್ಮಾನಿಸುವ ಎಂದರು. ಮೂರು ಕೈ ಎದ್ದವು. ಅಜ್ಜಿ ತಲೆಯವರೆಗೆ ಹೊದ್ದುಕೊಂಡರು. ಹೊದಿಕೆಯೊಳಗಿಂದ ಕೆಮ್ಮು ಕೇಳುತ್ತಲೇ ಇತ್ತು.

ಬ್ಯಾರಿ ಹೆಂಗಸು ಎದ್ದು ಕುಳಿತರು. "ನನಗೆ ಗಾಳಿ ಇದ್ರೂ ಆಗ್ತದೆ, ಇಲ್ಲದಿದ್ರೂ ಆಗ್ತದೆ. ನನ್ನ ಕೈಗೂ ಅಜ್ಜಿಯ ಕೈಗೂ ಒಂದೇ ತೂಕವಾ ಟೀಚರೇ?"

ಟೀಚರ್ ತಮ್ಮದು ಸುಮ್ಮನೆ ಎತ್ತಿದ ಕೈ ಅಲ್ಲ, ಪ್ಲಾಸ್ಟರಿನೊಳಗೆ ಕಾಲು ಬೇಯುತ್ತಿದೆ ಎಂದರು. ಅದೂ ಸುಳ್ಳಲ್ಲ. ಆಗ ನಾನು ಅಜ್ಜಿಯನ್ನು, ಫ್ಯಾನೇ ಬೇಡವೋ ಅಥವಾ ಮೈಮೇಲೆ ಗಾಳಿ ಬೇಡವೋ ಎಂದು ಕೇಳಿದೆ.

"ಅದು ತಿರುಗಲಿ ಮಗಾ," ಎಂದರು ಅವರು ಹೊದಿಕೆ ಸರಿಸಿ. "ನನ್ನ ಮೇಲೆ ಬೀಸದಿದ್ರೆ ಸಾಕು."

ಹಾಗಾದರೆ ನನ್ನ ಜಾಗಕ್ಕೆ ಬನ್ನಿ ಎಂದೆ. ಅಷ್ಟರಲ್ಲಿ ಒಳಗೆ ಬಂದ ನರ್ಸ್ ಒಪ್ಪಲಿಲ್ಲ. ಮದ್ದು ಕೊಡುವುದು ಮಂಚದ ನಂಬರು ನೋಡಿ, ಜನ ಬದಲಾದರೆ ಎಡವಟ್ಟು ಎಂದರು. ಅಜ್ಜಿಯ ಮುಖ ಬಾಡಿತು.

"ಜನ ಬದಲಾಗುವುದು ಬೇಡ ಸಿಸ್ಟರ್," ಎಂದರು ಬ್ಯಾರಿ ಹೆಂಗಸು. "ಚಕ್ರ ಉಂಟಲ್ಲ, ಮಂಚವನ್ನೇ ದೂಡುವ."

ನರ್ಸ್ ನಕ್ಕು ಆಯಾಳನ್ನು ಕರೆದರು. ಅಜ್ಜಿ ಮಲಗಿದಲ್ಲೇ ಮದುಮಗಳಂತೆ ಗೋಡೆ ಬದಿಗೆ ಹೋದರು, ನಾನು ಫ್ಯಾನಿನ ಅಡಿಗೆ ಬಂದೆ.

ಬೆಳಗಿನ ಜಾವ ನನಗೆ ಸ್ವಲ್ಪ ಚಳಿಯಾಯಿತು. ಶಾಲು ಎಳೆದುಕೊಂಡೆ. ಹೊಲಿಗೆಯ ನೋವೂ ಅಷ್ಟಾಗಿ ಕಾಡಲಿಲ್ಲ. ಅಜ್ಜಿ ಬಾಯಿ ತೆರೆದು ನಿದ್ದೆಹೋಗಿದ್ದರು. ಆಗಲೇ ಎಚ್ಚರವಾಗಿದ್ದ ಉಳಿದಿಬ್ಬರು ರವಿಕೆ ಬಟ್ಟೆಯ ಬಗ್ಗೆ ತಗ್ಗಿದ ದನಿಯಲ್ಲಿ ಹರಟುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಾ ಮಲಗಿದೆ.