ಗೋಡೆಯ ಸಾಲಿನ ಐದನೆಯ ಹೆಸರು

ಅಂಚಿಗೆ ಅರಿಸಿನ ಹಚ್ಚಿದ ಕಾರ್ಡೊಂದು ಇವತ್ತು ಮನೆಗೆ ಬಂತು. ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಹಿರಿಯೂರಿನಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಸನ್ಮಾನ ಮಾಡುತ್ತಾರಂತೆ. ಓದುತ್ತಿದ್ದಂತೆ ಶಾಲೆಯ ಸುಣ್ಣದ ಗೋಡೆ ಬೆನ್ನಿಗೆ ತಣ್ಣಗೆ ತಾಗಿದಂತಾಯಿತು.

ಯಾವ ಕೆಲಸ ಎಷ್ಟು ಸಲ ಆಗುತ್ತದೆ ಎಂದು ಹೇಳುವ ಐದು ಪದ ಕಲಿಸಲು ಮೇಷ್ಟ್ರು ನಮ್ಮಲ್ಲಿ ಐವರನ್ನು ಆ ಗೋಡೆಗೆ ನಿಲ್ಲಿಸಿದ್ದರು. ಆಲ್ವೇಸ್, ಆಫನ್, ಸಮ್‌ಟೈಮ್ಸ್, ರೇರ್ಲಿ, ನೆವರ್. ದಿನಾ ಹೋಂವರ್ಕ್ ಮಾಡುತ್ತಿದ್ದ ಅಂಗಡಿಯವರ ಮಗ ಆಲ್ವೇಸ್. ಸಂಜೆಯೆಲ್ಲ ಅವ್ವನ ಜೊತೆ ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ನಾನು ಕೊನೆಯವಳು, ನೆವರ್. ಅಂದರೆ ಒಮ್ಮೆಯೂ ಮಾಡದವಳು. ಪಾಠ ಮುಗಿದರೂ ಆ ಹೆಸರು ಮುಗಿಯಲಿಲ್ಲ. ವರ್ಷವಿಡೀ ಹಾಜರಿ ಕರೆಯುವಾಗ, "ನೆವರ್ ಬಂದಾಳೇನ್ರಲೇ?" ಎನ್ನುತ್ತಿದ್ದರು. ನಾನೇ ಎದ್ದು ನಿಂತು "ಎಸ್ ಸಾರ್" ಎನ್ನುತ್ತಿದ್ದೆ.

ಒಂದು ದಿನ ಹುಡುಗರು ಬೀದಿಯಲ್ಲಿ ನನ್ನನ್ನು ಹಾಗೆ ಕೂಗಿದ್ದು ಅವ್ವನ ಕಿವಿಗೆ ಬಿತ್ತು.

"ಹಂಗಂದ್ರೆ ಏನೇ?"

"ಜಾಣೆ ಅಂತ ಕಣವ್ವ."

ಮರುದಿನವೇ ಅವ್ವ ಮಂಡಿಯಲ್ಲಿ ಕಂಡಕಂಡವರಿಗೆಲ್ಲ ಹೇಳಿದಳು. "ನಮ್ಮುಡುಗೀಗೆ ಮೇಷ್ಟ್ರು ನೆವರ್ ಅಂತ ಹೆಸ್ರು ಇಟ್ಟಾರೆ." ಇಂಗ್ಲಿಷ್ ಬಲ್ಲ ವ್ಯಾಪಾರಿಗಳು ನಕ್ಕರು. ಅವರು ನಕ್ಕರೆಂದು ಅವ್ವನೂ ನಕ್ಕಳು.

ಈಗಲೂ ಅಕ್ಕರೆ ಉಕ್ಕಿದಾಗ ಅವಳು ನನ್ನನ್ನು ಹಾಗೆಯೇ ಕರೆಯುತ್ತಾಳೆ.

ಸನ್ಮಾನಕ್ಕೆ ಹೋಗುತ್ತೇನೆ. ಅವ್ವನನ್ನು ಮೊದಲ ಸಾಲಿನಲ್ಲೇ ಕೂರಿಸುತ್ತೇನೆ. ಮೈಕು ನನ್ನ ಕೈಗೆ ಬಂದಾಗ ಮೇಷ್ಟ್ರನ್ನು ಕೇಳುವುದು ಇಷ್ಟೇ. "ಸಾರ್, ನೀವು ನನಗೆ ಇಟ್ಟ ಹೆಸರಿನ ಅರ್ಥ ಏನಂತ ನಮ್ಮವ್ವಗೆ ಕನ್ನಡದಾಗೆ ಹೇಳ್ರಿ."